ಸಾರಾಂಶದ ಆಚೆಗಿನ ಸ್ವಾಮಿ: ಹೈಸ್ಕೂಲಿನ ಇಂಗ್ಲಿಷ್ ತರಗತಿಯಲ್ಲಿ ಕಥೆ ಓದುವ ಪ್ರಶ್ನೆ

ಕರ್ನಾಟಕದ ಹತ್ತನೇ ತರಗತಿಯಲ್ಲಿ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಓದಿದವರಿಗೆ ಆರ್.ಕೆ. ನಾರಾಯಣರ ‘ಎ ಹೀರೋ’ ಕಥೆ ಚೆನ್ನಾಗಿ ಗೊತ್ತು. ಅಪ್ಪ ಸ್ವಾಮಿಗೆ ಹಾಕಿದ ಸವಾಲೇನು, ತಪ್ಪಿಸಿಕೊಳ್ಳಲು ಸ್ವಾಮಿ ಏನೇನು ನೆಪ ಹೂಡಿದ, ಕಳ್ಳ ಸಿಕ್ಕಿಬಿದ್ದದ್ದು ಹೇಗೆ, ಮರುದಿನ ಯಾರು ಯಾರು ಹೊಗಳಿದರು ಎಂಬುದಕ್ಕೆಲ್ಲ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಕಳ್ಳನನ್ನು ಹಿಡಿದು ಊರಿಗೆಲ್ಲ ಶೂರನಾದ ಹುಡುಗನನ್ನು ನಾರಾಯಣರು ಕಥೆಯ ಕೊನೆಗೆ ಮತ್ತೆ ಅಜ್ಜಿಯ ಪಕ್ಕದಲ್ಲೇ ಯಾಕೆ ಮಲಗಿಸಿದರು ಎಂದು ಕೇಳಿ ನೋಡಿ, ತಡವರಿಸುತ್ತಾರೆ. ಅದು ದಡ್ಡತನವಲ್ಲ. ಅಂಥ ಪ್ರಶ್ನೆಯನ್ನು ಕೇಳುವ ರೂಢಿಯೇ ನಮ್ಮ ತರಗತಿಗಳಲ್ಲಿ ಬೆಳೆದಿಲ್ಲ.

ಕಥೆಯಲ್ಲಿ ಏನಾಯಿತು ಎಂದು ಕೇಳುವುದು ಒಂದು ಹಂತ. ಪಾತ್ರಗಳು ಹಾಗೇಕೆ ನಡೆದುಕೊಂಡವು ಎಂಬುದು ಅದರ ಮುಂದಿನದು. ಬರೆದವರು ಇದನ್ನೇ ಮೊದಲು ಹೇಳಿ ಅದನ್ನು ಆಮೇಲೆ ಹೇಳಿದ್ದೇಕೆ, ಒಂದು ವಿವರವನ್ನು ಕೊಟ್ಟು ಇನ್ನೊಂದನ್ನು ಬಿಟ್ಟದ್ದೇಕೆ, ಇಲ್ಲಿಗೇ ನಿಲ್ಲಿಸಿದ್ದೇಕೆ ಎಂಬುದು ಮೂರನೆಯದು. ಕಥೆಯ ವಿಶ್ಲೇಷಣೆ ಎನ್ನುವುದು ನಿಜವಾಗಿ ಶುರುವಾಗುವುದು ಈ ಮೂರನೆಯ ಪ್ರಶ್ನೆಯಲ್ಲಿ. ಇದು ಕಾಲೇಜಿನವರ ಕೆಲಸ, ಹೈಸ್ಕೂಲಿನ ಮಕ್ಕಳಿಗೆ ಮೊದಲು ಭಾಷೆ ಬರಲಿ ಎನ್ನುವ ಮಾತು ಬಹಳ ಕಾಲದಿಂದ ಕೇಳಿಬರುತ್ತಿದೆ. ನಾನು ಇದನ್ನು ಒಪ್ಪುವುದಿಲ್ಲ. ಹದಿನಾಲ್ಕು ಹದಿನೈದರ ಮಕ್ಕಳು ಒಂದು ಸಿನಿಮಾ ನೋಡಿ ಬಂದರೆ ಇಂಟರ್ವಲ್‌ಗೆ ಮುಂಚೆ ಚೆನ್ನಾಗಿತ್ತು, ಆಮೇಲೆ ಎಳೆದರು, ಕ್ಲೈಮ್ಯಾಕ್ಸ್ ಮೊದಲೇ ಗೊತ್ತಾಗಿಬಿಟ್ಟಿತು ಎಂದು ಗಂಟೆಗಟ್ಟಲೆ ವಾದಿಸುತ್ತಾರೆ. ಕಥನದ ಕಟ್ಟೋಣವನ್ನು ಗ್ರಹಿಸುವ ಬುದ್ಧಿ ಅವರಲ್ಲಿ ಆಗಲೇ ಬೆಳೆದಿರುತ್ತದೆ. ಆ ಬುದ್ಧಿಗೆ ಇಂಗ್ಲಿಷ್ ಪಿರಿಯಡ್ಡಿನ ಬಾಗಿಲು ಏಕೆ ಮುಚ್ಚಿಕೊಂಡಿತು, ಬೇರೆ ದೇಶಗಳಲ್ಲಿ ಅದನ್ನು ತೆರೆಯಲು ಏನೇನು ಮಾಡಿದರು, ಅದರಲ್ಲಿ ನಮಗೆ ಒದಗುವುದು ಯಾವುದು ಎಂದು ನೋಡುವುದು ಈ ಬರಹದ ಉದ್ದೇಶ.

ಚರಿತ್ರೆ ಶುರುವಾಗುವುದು ನಮ್ಮಲ್ಲೇ. ಗೌರಿ ವಿಶ್ವನಾಥನ್ 1989ರಲ್ಲಿ ಪ್ರಕಟಿಸಿದ ‘ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್’ ತೋರಿಸಿಕೊಟ್ಟಂತೆ, ಇಂಗ್ಲಿಷ್ ಸಾಹಿತ್ಯ ಒಂದು ಪಾಠವಿಷಯವಾಗಿ ನೆಲೆಯೂರಿದ್ದು ಇಂಗ್ಲೆಂಡಿಗಿಂತ ಮೊದಲು ವಸಾಹತು ಭಾರತದಲ್ಲಿ. 1813ರ ಚಾರ್ಟರ್ ಕಾಯಿದೆ ಭಾರತೀಯರ ಶಿಕ್ಷಣದ ಹೊಣೆಯನ್ನು ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಹೊರಿಸಿತು. ಧರ್ಮದ ವಿಷಯದಲ್ಲಿ ತಟಸ್ಥರೆಂದು ಹೇಳಿಕೊಂಡ ಸರ್ಕಾರ ಶಾಲೆಗಳಲ್ಲಿ ಬೈಬಲ್ ಕಲಿಸುವಂತಿರಲಿಲ್ಲ. ಬೈಬಲ್ಲಿನಿಂದ ಆಗಬೇಕಿದ್ದ ನೀತಿಬೋಧೆಯ ಕೆಲಸ ಸಾಹಿತ್ಯದ ಹೆಗಲಿಗೆ ಬಿತ್ತು. 1835ರ ಮೆಕಾಲೆಯ ಟಿಪ್ಪಣಿ ಎಲ್ಲರಿಗೂ ಗೊತ್ತು. ಅದರ ಬೆನ್ನಿಗಿದ್ದ ಈ ಲೆಕ್ಕಾಚಾರ ಅಷ್ಟಾಗಿ ಗೊತ್ತಿಲ್ಲ. ನೀತಿ ಹೇಳಲೆಂದು ತಂದ ಕಥೆಯನ್ನು ಓದುವ ಕ್ರಮವೂ ಅದಕ್ಕೆ ತಕ್ಕಂತೆ ಇರಬೇಕಲ್ಲ? ಕಠಿಣ ಪದಗಳ ಅರ್ಥ, ಗದ್ಯಾನುವಾದ, ಸಂದರ್ಭ, ಕೊನೆಗೆ ಕಥೆಯಿಂದ ಕಲಿಯುವ ಪಾಠ. ಇಂದಿಗೂ ಎಷ್ಟೋ ತರಗತಿಗಳಲ್ಲಿ ಕಥೆ ಮುಗಿದ ಕೂಡಲೇ ಬೋರ್ಡಿನ ಮೇಲೆ ನೀತಿ ಬೀಳುತ್ತದೆ. ಅದರ ವಂಶಾವಳಿ ಹತ್ತೊಂಬತ್ತನೇ ಶತಮಾನದ್ದು.

ಇಂಗ್ಲೆಂಡಿನಲ್ಲಿ ಶಾಲೆಯ ಇಂಗ್ಲಿಷ್ ಕಲಿಕೆಯ ಬಗ್ಗೆ ದೊಡ್ಡ ಸರ್ಕಾರಿ ವರದಿ ಬಂದದ್ದು 1921ರಲ್ಲಿ, ನ್ಯೂಬೋಲ್ಟ್ ಸಮಿತಿಯದು. ಅದು ಇಂಗ್ಲಿಷನ್ನು ಇಡೀ ಶಿಕ್ಷಣದ ನಡುಗಂಬವಾಗಿಸಬೇಕೆಂದಿತು. ಆದರೆ ಓದುವ ಕ್ರಮವನ್ನೇ ಬದಲಿಸಿದವರು ಕೇಂಬ್ರಿಜ್‌ನ ಐ.ಎ. ರಿಚರ್ಡ್ಸ್. ಬರೆದವರ ಹೆಸರಿಲ್ಲದ ಕವಿತೆಗಳನ್ನು ವಿದ್ಯಾರ್ಥಿಗಳ ಕೈಗಿತ್ತು, ಓದಿ ಅನಿಸಿದ್ದನ್ನು ಬರೆದುಕೊಡಿ ಎಂದರು. 1929ರ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಆ ಬರಹಗಳ ಪರಿಶೀಲನೆ. ದೇಶದ ಅತ್ಯುತ್ತಮ ಶಾಲೆಗಳಲ್ಲಿ ಕಲಿತು ಬಂದ, ಇಂಗ್ಲಿಷೇ ಮಾತೃಭಾಷೆಯಾದ ಆ ಯುವಕ ಯುವತಿಯರು ಸರಳವಾದ ಅರ್ಥವನ್ನೂ ತಪ್ಪಾಗಿ ಗ್ರಹಿಸಿದ್ದರು. ಎದುರಿಗಿದ್ದ ಸಾಲನ್ನು ಬಿಟ್ಟು ತಮ್ಮಲ್ಲಿ ಮೊದಲೇ ಸಿದ್ಧವಾಗಿದ್ದ ಭಾವನೆಗೆ ಪ್ರತಿಕ್ರಿಯಿಸಿದ್ದರು. ಹಳ್ಳಿಯ ಸರ್ಕಾರಿ ಶಾಲೆಯ ಮಗು ಕಥೆಯನ್ನು ಅರ್ಥಮಾಡಿಕೊಳ್ಳದಿದ್ದರೆ ಅದರ ಇಂಗ್ಲಿಷ್ ಸಾಲದು ಎಂದು ತಟ್ಟನೆ ತೀರ್ಪು ಕೊಡುವ ನಾವು ಈ ಪುಸ್ತಕವನ್ನು ನೆನೆಯಬೇಕು. ಓದುವುದು ಬೇರೆಯದೇ ಆದ ವಿದ್ಯೆ. ಭಾಷೆ ಬಂದ ಮಾತ್ರಕ್ಕೆ ಅದು ತಾನಾಗಿ ಬರುವುದಿಲ್ಲ, ಅದನ್ನೂ ಕಲಿಸಬೇಕು.

ಕೇಂಬ್ರಿಜ್‌ನ ಈ ಗಾಳಿ ಕರ್ನಾಟಕಕ್ಕೂ ಬೀಸಿತು. ಅಲ್ಲಿ ಎಫ್.ಆರ್. ಲೀವಿಸ್ ಅವರ ಬಳಿ ಓದಿದ ಸಿ.ಡಿ. ನರಸಿಂಹಯ್ಯ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕಲಿಸಿದರು. 1952ರಲ್ಲಿ ‘ಲಿಟರರಿ ಕ್ರೈಟೀರಿಯನ್’ ಪತ್ರಿಕೆ ಶುರುಮಾಡಿದರು. ಮುಂದೆ ಮೈಸೂರಿನಲ್ಲೇ ತಾವು ಕಟ್ಟಿದ ಕೇಂದ್ರಕ್ಕೆ ಆನಂದವರ್ಧನನ ಗ್ರಂಥದ ಹೆಸರಿಟ್ಟು ‘ಧ್ವನ್ಯಾಲೋಕ’ ಎಂದು ಕರೆದರು. ಪಠ್ಯವನ್ನು ಪದ ಪದವಾಗಿ ನಿಧಾನಕ್ಕೆ ಓದುವ ಶಿಸ್ತು ಮತ್ತು ಹೇಳದೆ ಸೂಚಿಸುವುದನ್ನು ಕಾವ್ಯದ ಜೀವವೆಂದ ಭಾರತೀಯ ಮೀಮಾಂಸೆ ಒಂದೇ ಸೂರಿನಡಿ ಬಂದ ಘಳಿಗೆ ಅದು. ದುರದೃಷ್ಟಕ್ಕೆ ಈ ಓದು ಆನರ್ಸ್ ಮತ್ತು ಎಂ.ಎ. ತರಗತಿಗಳ ಹೊಸಿಲು ದಾಟಿ ಹೈಸ್ಕೂಲಿಗೆ ಇಳಿಯಲಿಲ್ಲ. ಅಲ್ಲಿ ಹಳೆಯ ಟಿಪ್ಪಣಿ ಪದ್ಧತಿ ಮುಂದುವರಿಯಿತು. ಅದರ ಜೊತೆಗೆ ವಾಕ್ಯರಚನೆಗಳನ್ನು ಒಂದೊಂದಾಗಿ ಅಭ್ಯಾಸ ಮಾಡಿಸುವ ಹೊಸ ವಿಧಾನ ಸೇರಿಕೊಂಡಿತು. ಕಥೆ ವ್ಯಾಕರಣದ ಉದಾಹರಣೆಗಳಿಗೆ ಡಬ್ಬವಾಯಿತು.

ಈ ಅಭ್ಯಾಸಪದ್ಧತಿಯನ್ನು ಪ್ರಶ್ನಿಸಿದ ದೊಡ್ಡ ಪ್ರಯೋಗ ನಡೆದದ್ದು ಕೂಡ ನಮ್ಮ ಕಡೆಯೇ. ಎನ್.ಎಸ್. ಪ್ರಭು ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ 1979ರಿಂದ 1984ರವರೆಗೆ ದಕ್ಷಿಣದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಕೆಲಸ ಜಗತ್ತಿನ ಭಾಷಾಬೋಧಕರ ನಡುವೆ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾಯಿತು. ಮನಸ್ಸು ಅರ್ಥದಲ್ಲಿ, ಒಂದು ಸಮಸ್ಯೆಯನ್ನು ಬಿಡಿಸುವುದರಲ್ಲಿ ತೊಡಗಿದ್ದಾಗ ಭಾಷೆಯ ವ್ಯಾಕರಣ ತನ್ನಷ್ಟಕ್ಕೆ ಒಳಗಿಳಿಯುತ್ತದೆ ಎಂಬುದು ಅವರ ಮೂಲ ವಿಚಾರ. ಅವರ ಪಾಠಗಳಲ್ಲಿದ್ದದ್ದು ರೈಲಿನ ವೇಳಾಪಟ್ಟಿ, ನಕ್ಷೆ, ಇಂಥ ತರ್ಕದ ಕೆಲಸಗಳು. ಕಥೆಗೆ ಅಲ್ಲಿ ಹೆಚ್ಚಿನ ಸ್ಥಾನವಿರಲಿಲ್ಲ. ಆದರೂ ಅವರ ವಿಚಾರ ಕಥೆಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ ಎಂದು ನನಗನಿಸುತ್ತದೆ. ಸ್ವಾಮಿ ಯಾಕೆ ಹಾಗೆ ಮಾಡಿದ ಎಂದು ಬಿಡಿಸಲು ಮಗು ಒಂದು ಸಾಲಿಗೆ ನಾಲ್ಕು ಸಲ ಹಿಂತಿರುಗಿದರೆ, ಆ ಸಾಲಿನ ಇಂಗ್ಲಿಷ್ ಅದಕ್ಕೆ ದಕ್ಕಿದಂತೆಯೇ.

ಅಮೆರಿಕದ ಕಡೆ ಹೊರಳಿದರೆ ಅಲ್ಲಿನ ವಾದವೇ ಬೇರೆ. ಲೂಯೀಸ್ ರೋಸೆನ್‌ಬ್ಲಾಟ್ 1938ರಲ್ಲಿ ‘ಲಿಟರೇಚರ್ ಆ್ಯಸ್ ಎಕ್ಸ್‌ಪ್ಲೊರೇಶನ್’ ಬರೆದು, ಅರ್ಥ ಪುಟದ ಮೇಲೂ ಇಲ್ಲ, ಓದುಗನ ತಲೆಯೊಳಗೂ ಇಲ್ಲ, ಎರಡರ ನಡುವಿನ ವ್ಯವಹಾರದಲ್ಲಿ ಹುಟ್ಟುತ್ತದೆ ಎಂದರು. ಅದೇ ವರ್ಷ ಕ್ಲಿಯಾಂತ್ ಬ್ರೂಕ್ಸ್ ಮತ್ತು ರಾಬರ್ಟ್ ಪೆನ್ ವಾರನ್ ಕವಿತೆಯ ಓದಿಗೆ ಒಂದು ಪಠ್ಯಪುಸ್ತಕ ತಂದರು. 1943ರಲ್ಲಿ ‘ಅಂಡರ್‌ಸ್ಟಾಂಡಿಂಗ್ ಫಿಕ್ಷನ್’ ಬಂತು. ಇವರದು ಕೃತಿಯನ್ನೇ ನೋಡು, ನಿನ್ನ ಭಾವನೆಯನ್ನೂ ಲೇಖಕನ ಜೀವನಚರಿತ್ರೆಯನ್ನೂ ಪಕ್ಕಕ್ಕಿಡು ಎನ್ನುವ ನಿಲುವು. ದಶಕಗಳ ಕಾಲ ಗೆದ್ದದ್ದು ಇವರೇ. 1966ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಬ್ರಿಟನ್ ಮತ್ತು ಅಮೆರಿಕದ ಇಂಗ್ಲಿಷ್ ಬೋಧಕರು ಸೇರಿ ಚರ್ಚಿಸಿದಾಗ ಲೋಲಕ ಮಗುವಿನ ಅನುಭವದ ಕಡೆಗೆ ವಾಲಿತು. ಜಾನ್ ಡಿಕ್ಸನ್ ಮರುವರ್ಷ ಆ ಚರ್ಚೆಗಳನ್ನು ‘ಗ್ರೋತ್ ಥ್ರೂ ಇಂಗ್ಲಿಷ್’ ಎಂಬ ಪುಸ್ತಕವಾಗಿಸಿದರು. 2010ರ ಕಾಮನ್ ಕೋರ್ ಮಾನದಂಡಗಳೊಂದಿಗೆ ಲೋಲಕ ಮತ್ತೆ ಪಠ್ಯದತ್ತ ಬಂತು: ಏನೇ ಹೇಳಿದರೂ ಕೃತಿಯೊಳಗಿನಿಂದ ಪುರಾವೆ ತಾ.

ಈ ಜಗ್ಗಾಟ ಏಳು ದಶಕ ಎಳೆಯಬೇಕಾದ್ದೇ ಇರಲಿಲ್ಲ. ಒಳ್ಳೆಯ ಮೇಷ್ಟ್ರ ತರಗತಿಯಲ್ಲಿ ಇವು ಒಂದರ ಹಿಂದೊಂದು ಬರುವ ಹೆಜ್ಜೆಗಳು. ಮೊದಲು ಮಗುವಿಗೆ ಏನೋ ಅನಿಸಬೇಕು. ಅನಿಸಿದ್ದು ಎಲ್ಲಿಂದ ಬಂತು ಎಂದು ಹುಡುಕಲು ಅದು ಪುಟಕ್ಕೆ ಹೋಗಬೇಕು. ಅನಿಸಿಕೆಯನ್ನು ಬಿಟ್ಟು ಪುರಾವೆ ಕೇಳಿದರೆ ಮಗು ಯಾರದೋ ಅಭಿಪ್ರಾಯಕ್ಕೆ ಸಾಕ್ಷಿ ಒದಗಿಸುವ ಗುಮಾಸ್ತನಾಗುತ್ತದೆ. ಪುರಾವೆ ಬಿಟ್ಟು ಅನಿಸಿಕೆಯಲ್ಲೇ ನಿಂತರೆ ತರಗತಿ ಹರಟೆಯಾಗುತ್ತದೆ.

ಇಂಗ್ಲೆಂಡಿನ ಇತ್ತೀಚಿನ ಅನುಭವದಲ್ಲಿ ನಮಗೆ ಕಲಿಯಲು ಹೆಚ್ಚಿದೆ, ಯಾಕೆಂದರೆ ಅವರೂ ನಮ್ಮಂತೆ ಒಂದು ದೊಡ್ಡ ಪರೀಕ್ಷೆಯ ನೆರಳಿನಲ್ಲಿ ಕಲಿಸುವವರು. ಹದಿನಾರರ ಹೊತ್ತಿಗೆ ಬರೆಯುವ ಅವರ ಜಿಸಿಎಸ್‌ಇ ಸಾಹಿತ್ಯ ಪರೀಕ್ಷೆ ಹೊಸ ರೂಪದಲ್ಲಿ ಮೊದಲು ನಡೆದದ್ದು 2017ರಲ್ಲಿ. ಪುಸ್ತಕ ಮುಚ್ಚಿಟ್ಟು ಬರೆಯಬೇಕು. ಶೇಕ್ಸ್‌ಪಿಯರನ ಒಂದು ನಾಟಕ, ಹತ್ತೊಂಬತ್ತನೇ ಶತಮಾನದ ಒಂದು ಕಾದಂಬರಿ, 1914ರ ನಂತರದ ಬ್ರಿಟಿಷ್ ಕಥನ ಅಥವಾ ನಾಟಕ ಕಡ್ಡಾಯ. ಅಲ್ಲಿಯವರೆಗೆ ಅಸಂಖ್ಯ ಮಕ್ಕಳು ಓದುತ್ತಿದ್ದ ಅಮೆರಿಕದ ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಆ್ಯಂಡ್ ಮೆನ್’ ಈ ನಿಯಮದಿಂದ ಹೊರಬಿತ್ತು. 2014ರಲ್ಲಿ ಆ ಸುದ್ದಿ ಬಂದಾಗ ಅಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೇ ಎದ್ದಿತು.

ಈ ಪರೀಕ್ಷೆಗೆ ತಯಾರು ಮಾಡಲು ಅಲ್ಲಿನ ಶಾಲೆಗಳು ನೆಚ್ಚಿಕೊಂಡದ್ದು ಒಂದು ಸೂತ್ರವನ್ನು. ಮೊದಲು ನಿನ್ನ ಅಂಶವನ್ನು ಹೇಳು, ಆಮೇಲೆ ಕೃತಿಯಿಂದ ಸಾಕ್ಷ್ಯ ಕೊಡು, ಅದನ್ನು ವಿವರಿಸು. ಮೂರು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಇದಕ್ಕೆ ‘ಪಿಇಇ’ ಎನ್ನುತ್ತಾರೆ. ಇದರ ಮರಿಗಳೂ ಹಲವಾರಿವೆ. ಬರೆಯಲು ಹೆದರುವ ಮಗುವಿಗೆ ಇದು ಊರುಗೋಲಾಯಿತು ಎಂಬುದು ನಿಜ. ಆದರೆ ಊರುಗೋಲನ್ನು ಕಸಿದುಕೊಳ್ಳುವವರು ಯಾರೂ ಇಲ್ಲದೆ, ಓಡಬಲ್ಲ ಮಕ್ಕಳೂ ಅದನ್ನೇ ಹಿಡಿದು ಕುಂಟತೊಡಗಿದರು. ಸೈಮನ್ ಗಿಬ್ಬನ್ಸ್ 2019ರ ತಮ್ಮ ಲೇಖನದ ಶೀರ್ಷಿಕೆಯಲ್ಲೇ ಈ ಸೂತ್ರದ ಕೈಯಲ್ಲಿ ಬರವಣಿಗೆ ಸಾಯುತ್ತಿದೆಯೇ ಎಂದು ಕೇಳಿದರು. ಸೂತ್ರದ ಜೊತೆಗೆ ಇನ್ನೊಂದು ಚಾಳಿಯೂ ಬಂತು: ರೂಪಕ, ಉಪಮೆ, ಅನುಪ್ರಾಸ ಎಂದು ಕಂಡಲ್ಲೆಲ್ಲ ಚೀಟಿ ಅಂಟಿಸುವುದು. ಹೆಸರು ಹೇಳಿದ ಮೇಲೆ ಆ ರೂಪಕ ಅಲ್ಲಿ ಏನು ಮಾಡುತ್ತಿದೆ ಎಂಬುದಕ್ಕೆ ಮಾತಿಲ್ಲ.

ಇದಕ್ಕಿಂತ ಆಳವಾದ ಕಾಯಿಲೆಯನ್ನು ಗುರುತಿಸಿದವರು ಮಾರ್ಸೆಲೊ ಜಿಯೊವನೆಲ್ಲಿ ಮತ್ತು ಜೆಸಿಕಾ ಮೇಸನ್. 2015ರಲ್ಲಿ ಅವರು ತರಗತಿಯ ಓದನ್ನು ಎರಡಾಗಿ ಬಿಡಿಸಿ ನೋಡಿದರು: ಮಗು ತಾನೇ ಪಠ್ಯದೊಡನೆ ಒಡನಾಡಿ ಪಡೆದ ಓದು, ಶಿಕ್ಷಕರು ಮೊದಲೇ ಸಿದ್ಧಪಡಿಸಿ ಕೊಟ್ಟದ್ದನ್ನು ತನ್ನದೆಂಬಂತೆ ಒಪ್ಪಿಸುವ ತಯಾರಿಸಿದ ಓದು. ಕಥೆಯ ಮೊದಲ ಪುಟ ತೆರೆಯುವ ಮುನ್ನವೇ ಇದು ಇಂಥದ್ದರ ಬಗ್ಗೆ, ಈ ಪಾತ್ರ ಇದನ್ನು ಪ್ರತಿನಿಧಿಸುತ್ತದೆ ಎಂದು ಹೇಳಿಬಿಟ್ಟರೆ ಮಗುವಿಗೆ ಮೊದಲ ಓದಿನ ಅವಕಾಶವೇ ತಪ್ಪಿಹೋಗುತ್ತದೆ. ನಮ್ಮಲ್ಲಿ ಈ ಕಾಯಿಲೆಗೆ ಗೈಡು ಎಂದು ಹೆಸರು. ಪಠ್ಯಪುಸ್ತಕಕ್ಕಿಂತ ಮೊದಲು ಗೈಡು ಕೈಗೆ ಬರುತ್ತದೆ. ಸಾರಾಂಶ ಗೊತ್ತಾದ ಮೇಲೆ ಕಥೆ ಓದುವ ಕಾರಣ ಉಳಿಯುವುದಿಲ್ಲ. ಗೈಡು ಇಲ್ಲದ ಕಡೆ ಮೇಷ್ಟ್ರೇ ಇಡೀ ಕಥೆಯನ್ನು ಕನ್ನಡದಲ್ಲಿ ಹೇಳಿ, ಪ್ರಶ್ನೋತ್ತರವನ್ನು ನೋಟ್ಸ್ ಬರೆಸುತ್ತಾರೆ. ಫಲಿತಾಂಶ ಕಡಿಮೆಯಾದ ಶಾಲೆಯಲ್ಲಿ ಪಾಸಿಂಗ್ ಪ್ಯಾಕೇಜು ಬರುತ್ತದೆ. ಅಲ್ಲಿ ಕಥೆಯ ಒಂದೆರಡು ಪ್ರಶ್ನೆ ಮಾತ್ರ ಉಳಿದಿರುತ್ತದೆ, ಕಥೆ ಇರುವುದಿಲ್ಲ. ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ಕ್ಲಸ್ಟರು, ಬ್ಲಾಕು, ಜಿಲ್ಲೆ ಎಂದು ಶೇಕಡಾವಾರು ಕೇಳುವ ಮೆಟ್ಟಿಲುಗಳ ಕೆಳಗೆ ನಿಂತವರು ಅವರು.

ಹಾಗಾದರೆ ದಾರಿ ಯಾವುದು? ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಯೋಚನೆಗೆ ಹಚ್ಚುತ್ತದೆ. ದಕ್ಷಿಣ ಇಂಗ್ಲೆಂಡಿನ 20 ಶಿಕ್ಷಕರು, ಹನ್ನೆರಡು ಹದಿಮೂರರ ವಯಸ್ಸಿನ ಸುಮಾರು 365 ಮಕ್ಕಳು. ಹನ್ನೆರಡು ವಾರಗಳಲ್ಲಿ ಎರಡು ಸವಾಲಿನ ಕಾದಂಬರಿಗಳನ್ನು ತರಗತಿಯಲ್ಲಿ ಗಟ್ಟಿಯಾಗಿ, ಎಂದಿನ ನಿಧಾನ ಬಿಟ್ಟು ಬೇಗ ಬೇಗ, ಪೂರ್ತಿ ಓದಿ ಮುಗಿಸಿದರು. ಪ್ರತಿ ಪುಟಕ್ಕೆ ನಿಲ್ಲಿಸಿ ಅಭ್ಯಾಸಹಾಳೆ ತುಂಬಿಸುವುದನ್ನು ಕೈಬಿಟ್ಟರು. ಮಕ್ಕಳ ಗ್ರಹಿಕೆ ಸರಾಸರಿ ಎಂಟೂವರೆ ತಿಂಗಳಷ್ಟು ಮುಂದೆ ಹೋಯಿತು. ಓದಿನಲ್ಲಿ ಹಿಂದಿದ್ದವರು 16 ತಿಂಗಳಷ್ಟು ಮುಂದೆ ಬಂದರು. ಇದು ಸಣ್ಣ ಅಧ್ಯಯನ, ಇಂಗ್ಲಿಷ್ ಮನೆಮಾತಿನ ದೇಶದ್ದು, ನೇರವಾಗಿ ನಮಗೆ ಹೊಂದಿಸಲು ಬರುವುದಿಲ್ಲ. ಆದರೂ ಹಿಂದುಳಿದವರಿಗೆ ತುಣುಕು ಪಾಠ, ಮುಂದಿರುವವರಿಗೆ ಪೂರ್ತಿ ಕಥೆ ಎಂಬ ನಮ್ಮ ರೂಢಿಯನ್ನು ಇದು ಬುಡಸಮೇತ ಅಲುಗಿಸುತ್ತದೆ. ವಿಶ್ಲೇಷಣೆಯ ಮೊದಲ ಷರತ್ತು ಕಥೆಯನ್ನು ಒಂದೇ ಓಟದಲ್ಲಿ ಪೂರ್ತಿ ಕೇಳುವುದು. ‘ಎ ಹೀರೋ’ದಂಥ ಕಥೆಗೆ ಒಂದು ಪಿರಿಯಡ್ ಸಾಕು. ಶಿಕ್ಷಕರು ಚೆನ್ನಾಗಿ ಓದಬೇಕು, ಅಪ್ಪನ ಗಡಸು ದನಿ, ಸ್ವಾಮಿಯ ಗೋಗರೆತ ಕಿವಿಗೆ ಬೀಳಬೇಕು. ಕಠಿಣ ಪದಗಳ ಪಟ್ಟಿ ಮರುದಿನಕ್ಕಿರಲಿ.

ಆಮೇಲೆ ಕೇಳುವ ಪ್ರಶ್ನೆಗಳ ಬಗ್ಗೆ ನನಗೆ ಬಹಳ ಇಷ್ಟವಾದದ್ದು ಏಡನ್ ಚೇಂಬರ್ಸ್ 1993ರ ‘ಟೆಲ್ ಮಿ’ ಪುಸ್ತಕದಲ್ಲಿ ಸೂಚಿಸಿದ ಕ್ರಮ. ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ, ಯಾವುದು ಅರ್ಥವಾಗದೆ ಕಾಡಿತು, ಯಾವುದು ಮತ್ತೆ ಮತ್ತೆ ಬಂದಂತೆ ಕಂಡಿತು. ಇವಕ್ಕೆ ತಪ್ಪು ಉತ್ತರವೇ ಇಲ್ಲವಾದ್ದರಿಂದ ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ. ಈ ಕ್ರಮದಲ್ಲಿ ಸ್ವಾಮಿಯ ಕಥೆಯನ್ನು ತೆರೆದರೆ ಏನು ಸಿಗುತ್ತದೆ ನೋಡಿ.

ಮತ್ತೆ ಮತ್ತೆ ಬರುವುದು ಹುಲಿ. ಮೊದಲು ಅದು ಅಪ್ಪ ಓದುವ ಪತ್ರಿಕೆಯ ಸುದ್ದಿಯಲ್ಲಿ ಬರುತ್ತದೆ: ಕಾಡುದಾರಿಯಲ್ಲಿ ಹುಲಿಯನ್ನು ಎದುರಿಸಿದ ಹಳ್ಳಿಯ ಹುಡುಗ. ಬಳಿಕ ಸ್ವಾಮಿಯ ವಾದದಲ್ಲಿ: ಧೈರ್ಯವೊಂದಿದ್ದರೆ ಸಾಕೇ, ನನ್ನ ಮೇಲೆ ಹುಲಿ ಬಿದ್ದರೆ ನಾನೇನು ಮಾಡಬಲ್ಲೆ? ಅಪ್ಪನ ಸವಾಲಿನಂತೆ ರಾತ್ರಿ ಒಬ್ಬನೇ ಮಲಗಬೇಕಾಗಿ ಬಂದು, ಆಫೀಸು ಕೋಣೆಯ ಬೆಂಚಿನಡಿ ಮುದುರಿಕೊಂಡಾಗ ಕನಸಿನಲ್ಲಿ ಅದೇ ಹುಲಿ ಅಟ್ಟಿಸಿಕೊಂಡು ಬರುತ್ತದೆ. ಕೊನೆಗೆ ಕತ್ತಲಲ್ಲಿ ಏನೋ ಸರಿದಾಡುತ್ತದೆ. ಸ್ವಾಮಿ ಅದನ್ನು ಪಿಶಾಚಿಯೆಂದು ಭಾವಿಸಿ, ಬದುಕುವ ಆಸೆಬಿಟ್ಟು ಕಾಲಿಗೆ ಹಲ್ಲು ಊರುತ್ತಾನೆ. ಕಾಗದದ ಮೇಲಿದ್ದ ಪ್ರಾಣಿ ಹೆಜ್ಜೆ ಹೆಜ್ಜೆಯಾಗಿ ಹುಡುಗನ ಹತ್ತಿರ ಬರುವುದನ್ನು ಮಕ್ಕಳು ಬೋರ್ಡಿನ ಮೇಲೆ ಸಾಲಾಗಿ ಬರೆದರೆ, ಕಥೆಗೆ ಒಂದು ಕಟ್ಟೋಣವಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕಾಡುವ ಪ್ರಶ್ನೆ ಶೀರ್ಷಿಕೆಯದು. ಅವನು ಹೀರೋನೇ? ಕಚ್ಚಿದ್ದು ಹೆದರಿಕೆಯಿಂದ, ಕಳ್ಳನೆಂದು ಗೊತ್ತೂ ಇರಲಿಲ್ಲ ಎನ್ನುವವರು ಒಂದು ಕಡೆ. ಹೆದರಿದ್ದರೂ ಓಡದೆ ಹಿಡಿದುಕೊಂಡನಲ್ಲ, ಧೈರ್ಯವೆಂದರೆ ಅಷ್ಟೇ ತಾನೇ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಸಾಲು ತೋರಿಸಿಯೇ ಮಾತಾಡಬೇಕು. ಇನ್ನೂ ಸೂಕ್ಷ್ಮವಾದ ಒಂದು ಎಳೆಯಿದೆ. ಪತ್ರಿಕೆಯ ಸುದ್ದಿ ಕೇಳಿದಾಗ ಸ್ವಾಮಿ ಅದನ್ನು ನಂಬಲಿಲ್ಲ. ಅವನು ಹುಡುಗನಿರಲಾರ, ದೊಡ್ಡವನೇ ಇರಬೇಕು ಎಂದ. ಮರುದಿನ ಸ್ವಾಮಿಯ ಸಾಹಸವೂ ಊರಬಾಯಿಗೆ ಬಿದ್ದು ಅದೇ ಬಗೆಯ ಸುದ್ದಿಯಾಗುತ್ತದೆ. ಒಳಗಿನಿಂದ ನೋಡಿದ ನಮಗೆ ನಿಜವೇನೆಂದು ಗೊತ್ತು. ಹಾಗಿದ್ದರೆ ಹುಲಿಯೊಡನೆ ಹೋರಾಡಿದ ಆ ಹಳ್ಳಿಯ ಹುಡುಗನ ನಿಜ ಏನಿದ್ದಿರಬಹುದು? ಕಥೆಯ ಮೊದಲ ಪುಟವೇ ಕೊನೆಯ ಪುಟದ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ಸ್ವಾಮಿಯ ಬಗ್ಗೆ ಪತ್ರಿಕೆಗೆ ನಾಲ್ಕು ಸಾಲಿನ ಸುದ್ದಿ ಬರೆಯಿರಿ ಎಂದು ಮಕ್ಕಳಿಗೆ ಕೊಟ್ಟು, ಅದನ್ನು ಕಥೆಯ ಪಕ್ಕಕ್ಕಿಟ್ಟು ಏನು ಬಿಟ್ಟುಹೋಯಿತು ಎಂದು ಹುಡುಕಿಸಿದರೆ ಸುದ್ದಿಗೂ ಕಥೆಗೂ ಇರುವ ಅಂತರ ಅವರ ಕೈಯಲ್ಲೇ ಸ್ಪಷ್ಟವಾಗುತ್ತದೆ.

ಮಕ್ಕಳಿಗೆ ತೀರ ಹಿಡಿಸುವ ಜಾಗ ಕೊನೆಯದು. ಇನ್‌ಸ್ಪೆಕ್ಟರು ಪೊಲೀಸ್ ಇಲಾಖೆಗೆ ಸೇರು ಎಂದರೆ ಸ್ವಾಮಿ ಮರ್ಯಾದೆಗೆ ಹೂಂಗುಟ್ಟುತ್ತಾನೆ. ಮನಸ್ಸಿನಲ್ಲಿ ಅವನಿಗೆ ಆಗಬೇಕಾದ್ದು ರೈಲಿನ ಎಂಜಿನ್ ಡ್ರೈವರು, ಗಾರ್ಡು ಅಥವಾ ಬಸ್ ಕಂಡಕ್ಟರು. ರಾತ್ರಿ ಅಜ್ಜಿಯ ಪಕ್ಕದಲ್ಲಿ ಹೊದಿಕೆಯೊಳಗಿಂದ ಅಪ್ಪ ಅಮ್ಮನ ಮಾತು ಕೇಳಿಸಿಕೊಂಡು, ಅಪ್ಪ ತನ್ನನ್ನು ತಿದ್ದುವ ಪ್ರಯತ್ನ ಬಿಟ್ಟರೆಂದು ನಿರಾಳನಾಗುತ್ತಾನೆ. ಊರು ಕೊಟ್ಟ ಬಿರುದಿಗಿಂತ ಈ ಬಿಡುಗಡೆಯೇ ಅವನಿಗೆ ದೊಡ್ಡದು. ನಿರೂಪಕ ಉದ್ದಕ್ಕೂ ಹುಡುಗನ ಮೈಗಂಟಿಕೊಂಡೇ ನಡೆದದ್ದು ಈ ಒಂದು ಕ್ಷಣಕ್ಕಾಗಿ. ಅಪ್ಪನ ಕಡೆಯಿಂದ ಹೇಳಿದ್ದರೆ ಇದು ಮಗನನ್ನು ಶೂರನಾಗಿಸಿದ ತಂದೆಯ ಕಥೆಯಾಗುತ್ತಿತ್ತು. ನಿರೂಪಣೆಯ ದೃಷ್ಟಿಕೋನ ಎಂಬ ಪಾರಿಭಾಷಿಕ ಪದವನ್ನು ಬೇಕಾದರೆ ಈಗ ಹೇಳಿಕೊಡಬಹುದು. ಅಂಟಿಕೊಳ್ಳಲು ಅದಕ್ಕೊಂದು ಅನುಭವ ಸಿಕ್ಕಿದೆ.

ಪದಗಳ ಮಾತು ಬಂದದ್ದರಿಂದ ಹೇಳಬೇಕು. ಆರಂಭ, ಏರಿಕೆ, ಪರಾಕಾಷ್ಠೆ, ಇಳಿಕೆ, ಮುಕ್ತಾಯ ಎಂಬ ಗೋಪುರದ ಚಿತ್ರ ಜಗತ್ತಿನ ಬಹುಪಾಲು ಇಂಗ್ಲಿಷ್ ತರಗತಿಗಳ ಗೋಡೆಯ ಮೇಲಿದೆ. ಜರ್ಮನಿಯ ಗುಸ್ತಾವ್ ಫ್ರೈಟಾಗ್ ಅದನ್ನು 1863ರಲ್ಲಿ ರೂಪಿಸಿದ್ದು ಐದಂಕದ ನಾಟಕಗಳಿಗೆ. ಸಣ್ಣಕಥೆಯ ಮೇಲೆ ಅದನ್ನು ಹೇರಿದರೆ ಕಳ್ಳ ಸಿಕ್ಕ ಕ್ಷಣವೇ ಪರಾಕಾಷ್ಠೆ, ಹೊದಿಕೆಯೊಳಗಿನ ನಿರಾಳ ಬರಿಯ ಬಾಲಂಗೋಚಿ. ಇ.ಎಂ. ಫಾರ್ಸ್ಟರ್ 1927ರಲ್ಲಿ ಮುಂದಿಟ್ಟ ಚಪ್ಪಟೆ ಮತ್ತು ದುಂಡು ಪಾತ್ರಗಳ ವಿಂಗಡಣೆಯ ಗತಿಯೂ ಅಷ್ಟೇ. ಅವರು ಎರಡನ್ನೂ ಕಾದಂಬರಿಗೆ ಬೇಕಾದವೆಂದೇ ಹೇಳಿದ್ದರು; ಶಾಲೆಯಲ್ಲಿ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂಬಂತಾಗಿದೆ.

ಈಗ ಭಾಷೆಯ ಪ್ರಶ್ನೆ. ಮೇಲಿನ ಚರ್ಚೆಯನ್ನೆಲ್ಲ ಕನ್ನಡ ಮಾಧ್ಯಮದ ಮಗು ಇಂಗ್ಲಿಷಿನಲ್ಲೇ ಮಾಡಬೇಕೆಂದರೆ ತರಗತಿ ಸ್ತಬ್ಧವಾಗುತ್ತದೆ. ಮಾಡಬೇಕಾಗಿಯೂ ಇಲ್ಲ. ಕಥೆ ಇಂಗ್ಲಿಷಿನದಿರಲಿ, ಪುಟಕ್ಕೆ ಬೆರಳಿಟ್ಟು ತೋರಿಸುವ ಸಾಲು ಇಂಗ್ಲಿಷಿನದಿರಲಿ, ವಾದ ಕನ್ನಡದಲ್ಲಿ ನಡೆಯಲಿ. ಕೊನೆಯಲ್ಲಿ ತಾನು ಒಪ್ಪಿದ ಮಾತನ್ನು ಮೂರು ನಾಲ್ಕು ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಲಿ. ಆ ವಾಕ್ಯಗಳಲ್ಲಿ ತಪ್ಪಿರುತ್ತದೆ, ಆದರೆ ಅವು ಮಗುವಿನವೇ ಆಗಿರುತ್ತವೆ. ಕನ್ನಡದಲ್ಲಿ ಕಥೆಯ ಸಾರಾಂಶ ಹೇಳುವುದಕ್ಕೂ ಕನ್ನಡದಲ್ಲಿ ಕಥೆಯ ಬಗ್ಗೆ ಯೋಚಿಸುವುದಕ್ಕೂ ಅಜಗಜಾಂತರ. ಮೊದಲನೆಯದು ಇಂಗ್ಲಿಷ್ ಪುಟವನ್ನು ಮುಚ್ಚಿಸುತ್ತದೆ, ಎರಡನೆಯದು ತೆರೆಸುತ್ತದೆ.

ಕನ್ನಡದ ತರಗತಿ ಕಟ್ಟಿಕೊಟ್ಟದ್ದನ್ನು ಇಂಗ್ಲಿಷ್ ತರಗತಿ ಬಳಸಿಕೊಳ್ಳದಿರುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ. ಹತ್ತನೆಯ ತರಗತಿಯ ಮಗು ಎ.ಎನ್. ಮೂರ್ತಿರಾಯರ ‘ವ್ಯಾಘ್ರಗೀತೆ’ಯನ್ನು ಕನ್ನಡ ಪಠ್ಯದಲ್ಲಿ ಓದಿರುತ್ತದೆ. ಅಲ್ಲಿಯೂ ಹುಲಿ, ಆದರೆ ನಿರೂಪಣೆ ಅದು ಬೆನ್ನಟ್ಟಿದ ಶಾನುಭೋಗರ ಭಯದೊಳಗೆ ಹೊಕ್ಕಷ್ಟೇ ಸಲೀಸಾಗಿ ಹುಲಿಯ ಮನಸ್ಸಿನೊಳಗೂ ಹೊಕ್ಕು, ಬೆನ್ನು ತೋರಿದವರನ್ನು ಕೊಲ್ಲಬಾರದೆಂಬ ಅದರ ಧರ್ಮಸಂಕಟವನ್ನು ಹೇಳುತ್ತದೆ. ಎರಡು ಹುಲಿಗಳನ್ನು ಪಕ್ಕಪಕ್ಕ ನಿಲ್ಲಿಸಿ, ಒಂದರ ಮನಸ್ಸು ನಮಗೆ ಗೊತ್ತು, ಇನ್ನೊಂದು ಬರೀ ಸುದ್ದಿ, ಯಾಕೆ ಎಂದು 40 ನಿಮಿಷ ಮಾತಾಡಬಹುದು. ಕನ್ನಡ ಪರೀಕ್ಷೆಯಲ್ಲಿ ಮಗು ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಭಾಗದಲ್ಲಿ ಉತ್ತರ ಬರೆಯಲು ಕಲಿತಿರುತ್ತದೆ. ಇಂಗ್ಲೆಂಡಿನ ಸೂತ್ರಕ್ಕೆ ಹತ್ತಿರವಾದದ್ದು ಇದು; ಸ್ವಾರಸ್ಯ ಎಂಬ ಕೊನೆಯ ಭಾಗದಿಂದಾಗಿ ಅದಕ್ಕಿಂತ ಸಾಹಿತ್ಯಕ್ಕೆ ಹತ್ತಿರವೂ ಹೌದು. ಅದೂ ಬಾಯಿಪಾಠವಾಗಿದೆ ಎಂಬುದು ಬೇರೆ ಮಾತು. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಒಂದು ಸಾಲು ಕೊಟ್ಟು ಯಾರು ಹೇಳಿದರು, ಯಾರಿಗೆ, ಯಾವಾಗ ಎಂದು ಕೇಳಿ ಸುಮ್ಮನಾಗುತ್ತಾರೆ. ಸ್ವಾರಸ್ಯದ ಮೆಟ್ಟಿಲು ಅಲ್ಲಿಲ್ಲ.

ಪರೀಕ್ಷೆ ಬದಲಾಗದೆ ತರಗತಿ ಬದಲಾಗದು ಎಂಬ ವಾದಕ್ಕೆ ಬಲವಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಾಯಿಪಾಠದಿಂದ ಕಲಿಕೆಯನ್ನು ಬಿಡಿಸಬೇಕೆಂದಿತು. ಅದರ ಬೆನ್ನಿಗೆ ಎನ್‌ಸಿಇಆರ್‌ಟಿ ತಂದ ಹತ್ತನೇ ತರಗತಿಯ ಇಂಗ್ಲಿಷ್ ಪೂರಕ ಪುಸ್ತಕದಲ್ಲಿ ಮೊಪಾಸಾನ ‘ದಿ ನೆಕ್ಲೇಸ್’, ರಸ್ಕಿನ್ ಬಾಂಡ್, ಕೆ.ಎ. ಅಬ್ಬಾಸ್ ಎಲ್ಲ ಇದ್ದಾರೆ. ಸಿಬಿಎಸ್‌ಇ ಕೆಲವು ವರ್ಷ ಒಂಬತ್ತು ಮತ್ತು ಹತ್ತನೇ ತರಗತಿಗೆ ಪೂರ್ಣ ಪುಸ್ತಕಗಳ ಓದನ್ನೂ ಇಟ್ಟಿತ್ತು. ಹತ್ತನೆಯವರಿಗೆ ಆ್ಯನ್ ಫ್ರಾಂಕಳ ದಿನಚರಿ ಅಥವಾ ಹೆಲನ್ ಕೆಲ್ಲರ್ ಆತ್ಮಕಥೆ. ಆಮೇಲೆ ಕೈಬಿಟ್ಟಿತು. ಒಳ್ಳೆಯ ಕಥೆ ಪಠ್ಯಕ್ಕೆ ಬಂದರೂ ಪ್ರಶ್ನೆ ಹಳೆಯದೇ ಆಗಿದ್ದರೆ ಕಥೆ ಸೋಲುತ್ತದೆ. ಮೊಪಾಸಾ ಹಾರ ನಕಲಿಯೆಂಬ ಗುಟ್ಟನ್ನು ಕೊನೆಯ ಸಾಲಿನವರೆಗೆ ಬಚ್ಚಿಟ್ಟ; ಅದನ್ನು ಮೊದಲೇ ಹೇಳಿದ್ದರೆ ಕಥೆ ಏನಾಗುತ್ತಿತ್ತು ಎಂದು ಕೇಳುವ ಬದಲು, ಹಾರದ ಬೆಲೆ ಎಷ್ಟು ಎಂದು ಕೇಳಿದರೆ ಮಗು ಬೆಲೆಯನ್ನೇ ನೆನಪಿಟ್ಟುಕೊಳ್ಳುತ್ತದೆ.

ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆಯಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಬದಲಾವಣೆ ಶುರುವಾಗಬಹುದಾದ ಜಾಗ ಈ 20 ಅಂಕಗಳಲ್ಲೇ ಇದೆ. ಚಾರ್ಟು ಬರೆಸಿ, ಲೇಖಕರ ಭಾವಚಿತ್ರ ಅಂಟಿಸಿ ಕೊಡುವ ಅಂಕವನ್ನು ಮಗು ಹಿಂದೆಂದೂ ಓದಿರದ ಒಂದೂವರೆ ಪುಟದ ಕಥೆಗೆ ಕೊಡಬಹುದು. ಎದುರಿಗೆ ಕಥೆಯ ಹಾಳೆ ಇರುತ್ತದೆ, ಪಕ್ಕದಲ್ಲಿ ನಿಘಂಟು ಇರುತ್ತದೆ, ಪ್ರಶ್ನೆ ಒಂದೇ: ಈ ಕಥೆಯಲ್ಲಿ ನಿನ್ನನ್ನು ತಡೆದು ನಿಲ್ಲಿಸಿದ ಜಾಗ ಯಾವುದು, ಯಾಕೆ? ಮೌಲ್ಯಮಾಪನ ಮಾಡುವವರಿಗೆ ಇಲ್ಲಿ ಕೀ ಉತ್ತರ ಸಿಗುವುದಿಲ್ಲ. ತೋರಿಸಿದ ಸಾಲು ಕಥೆಯಲ್ಲಿದೆಯೇ, ಹೇಳಿದ ಕಾರಣ ಆ ಸಾಲಿನಿಂದ ಹುಟ್ಟುತ್ತದೆಯೇ ಎಂಬೆರಡನ್ನೇ ನೋಡಬೇಕು. ವ್ಯಾಕರಣದ ತಪ್ಪಿಗೆ ಅಲ್ಲಿ ಅಂಕ ಕಡಿಯಬಾರದು. ಅಂಥ ಉತ್ತರ ತಿದ್ದಲು ಶಿಕ್ಷಕರಿಗೂ ಅಭ್ಯಾಸ ಬೇಕು. ತರಬೇತಿ ಶಿಬಿರಗಳಲ್ಲಿ ಅವರನ್ನೇ ವಿದ್ಯಾರ್ಥಿಗಳಂತೆ ಕೂರಿಸಿ, ಅವರು ಓದಿರದ ಒಂದು ಕಥೆ ಕೊಟ್ಟು, ಇದೇ ಪ್ರಶ್ನೆ ಕೇಳಿ, ಬಂದ ಉತ್ತರಗಳನ್ನು ಒಟ್ಟಿಗೆ ಕೂತು ತಿದ್ದಬೇಕು. ಒಂದೇ ಉತ್ತರಕ್ಕೆ ಒಬ್ಬರು ನಾಲ್ಕು, ಇನ್ನೊಬ್ಬರು ಒಂದು ಅಂಕ ಕೊಟ್ಟದ್ದೇಕೆ ಎಂದು ಜಗಳವಾಡಬೇಕು. ಆ ಜಗಳ ನಡೆದ ಜಿಲ್ಲೆಯಲ್ಲಿ ಮುಂದಿನ ಜೂನ್‌ಗೆ ಪಠ್ಯಪುಸ್ತಕ ಬದಲಾಗಿರುವುದಿಲ್ಲ, ಪ್ರಶ್ನೆಪತ್ರಿಕೆಯೂ ಬದಲಾಗಿರುವುದಿಲ್ಲ. ಆದರೆ ತರಗತಿಯಲ್ಲಿ ಕೇಳುವ ಮೊದಲ ಪ್ರಶ್ನೆ ಬದಲಾಗಿರುತ್ತದೆ.